ಮೊದಲ ಸೆಮಿಸ್ಟರಿನ ರಸಾಯನಶಾಸ್ತ್ರ: ಎಡವುವ ವಿದ್ಯಾರ್ಥಿಗೆ ನೆರವಾಗುವ ಬಗೆ

ಬಿ.ಎಸ್ಸಿ. ಮೊದಲ ಸೆಮಿಸ್ಟರ್ ಆರಂಭವಾದ ವಾರ ನಾನು ಪಠ್ಯವನ್ನು ತೆರೆಯುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಬಿಳಿ ಹಾಳೆ ಕೊಟ್ಟು, ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕಲಕಿದ ಮೇಲೆ ಆ ಸಕ್ಕರೆಗೆ ಏನಾಯಿತು ಎಂಬುದನ್ನು ಚಿತ್ರ ಬರೆದು, ಎರಡು ಮೂರು ವಾಕ್ಯಗಳಲ್ಲಿ ವಿವರಿಸುವಂತೆ ಕೇಳುತ್ತೇನೆ. ಹೆಸರು ಬರೆಯಬೇಕಾಗಿಲ್ಲ, ಅಂಕವಿಲ್ಲ, ಕನ್ನಡದಲ್ಲಿ ಬರೆದರೂ ಆದೀತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆಗಳ ಹಳ್ಳಿಗಳಿಂದ ಕೋಲಾರಕ್ಕೆ ಓದಲು ಬರುವ ಈ ಮಕ್ಕಳಲ್ಲಿ ಅನೇಕರು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರೇ. ಆದರೂ ಸಕ್ಕರೆ ಕರಗಿ ನೀರಾಗುತ್ತದೆ ಎಂದು ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಸಕ್ಕರೆಯ ಅಣು ಒಡೆದು ಇಂಗಾಲ, ಹೈಡ್ರೋಜನ್, ಆಕ್ಸಿಜನ್ ಆಗಿ ಬೇರೆಯಾಗುತ್ತದೆ ಎನ್ನುವವರೂ ಸಿಗುತ್ತಾರೆ. ಅದೇ ಮಕ್ಕಳನ್ನು ಮೋಲ್ (ಕಣಗಳನ್ನು ಎಣಿಸುವ ಏಕಮಾನ) ಎಂದರೇನು ಎಂದು ಕೇಳಿದರೆ ವ್ಯಾಖ್ಯೆಯನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಾರೆ.

ನಾವು ನೆರವಾಗಬೇಕಾದದ್ದು ಈ ಎರಡರ ನಡುವಿನ ಅಂತರದಲ್ಲಿ. ಮೊದಲ ವರ್ಷ ಅನುತ್ತೀರ್ಣನಾಗುವ ವಿದ್ಯಾರ್ಥಿಗೆ ಬುದ್ಧಿ ಕಡಿಮೆ ಎಂದಾಗಲಿ, ಅವನು ಓದುವುದೇ ಇಲ್ಲ ಎಂದಾಗಲಿ ನಾನು ನಂಬುವುದಿಲ್ಲ. ಅವನು ಓದುತ್ತಿರುವುದು ಅಕ್ಷರಗಳನ್ನು, ಅಂಕಿಗಳನ್ನು, ಬಾಣದ ಗುರುತುಗಳನ್ನು. ಅವುಗಳ ಹಿಂದೆ ಕಣಗಳು ಏನು ಮಾಡುತ್ತಿವೆ ಎಂಬುದನ್ನು ತನ್ನ ಮಾತಿನಲ್ಲಿ ಹೇಳುವ ಅಭ್ಯಾಸವನ್ನು ಅವನಿಗೆ ಯಾರೂ ಮಾಡಿಸಿಲ್ಲ. ಹೊಸದಾಗಿ ಪದವಿ ತರಗತಿಗೆ ಪಾಠ ಹೇಳಲು ಬಂದಿರುವ ಉಪನ್ಯಾಸಕರನ್ನೂ, ಕಿರಿಯರಿಗೆ ಹೇಳಿಕೊಡುವ ಹಿರಿಯ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಈ ಅಭ್ಯಾಸವನ್ನು ಮಾಡಿಸುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದಗಳನ್ನು ಬಿಡಿಸಿ

ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಿದವರು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವವರಿಗೆ ಇದು ಮೂರನೆಯ ಭಾಷೆ. ಇಂಗ್ಲಿಷ್ ಬಾರದಿರುವುದೇ ಅವರ ತೊಂದರೆ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಆದರೆ ನನ್ನ ಅನುಭವದಲ್ಲಿ, ಅವರಿಗೆ ಚೆನ್ನಾಗಿ ಗೊತ್ತಿರುವ ಕನ್ನಡ ಪದಗಳೇ ಹೆಚ್ಚು ಗೊಂದಲ ಮಾಡುತ್ತವೆ, ಏಕೆಂದರೆ ಗೊತ್ತಿರುವ ಪದದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಕರಗು ಎಂಬ ಮಾತನ್ನೇ ನೋಡಿ. ಬಾಣಲೆಯಲ್ಲಿ ಬೆಣ್ಣೆ ಕರಗುತ್ತದೆ, ನೀರಿನಲ್ಲಿ ಸಕ್ಕರೆಯೂ ಕರಗುತ್ತದೆ. ಮೊದಲನೆಯದರಲ್ಲಿ ಒಂದೇ ವಸ್ತು ಶಾಖದಿಂದ ಘನ ಸ್ಥಿತಿಯನ್ನು ಬಿಟ್ಟು ದ್ರವವಾಯಿತು. ಎರಡನೆಯದರಲ್ಲಿ ಎರಡು ವಸ್ತುಗಳಿದ್ದು, ಒಂದರ ಅಣುಗಳು ಇನ್ನೊಂದರ ಅಣುಗಳ ನಡುವೆ ಹಂಚಿಹೋದವು. ಮಾತು ಒಂದೇ ಆದ್ದರಿಂದ ಸಕ್ಕರೆ ನೀರಾಯಿತು ಎಂಬ ಉತ್ತರ ಹುಟ್ಟುತ್ತದೆ. ಅದು ದಡ್ಡತನದ ಉತ್ತರವಲ್ಲ, ಭಾಷೆಯನ್ನು ನಂಬಿದ ಉತ್ತರ. ಹೀಗೆಯೇ ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಆದರೆ ಪತ್ರಿಕೆಗಳಲ್ಲಿ ಅಣುಬಾಂಬು, ಅಣುಶಕ್ತಿ ಎಂದೇ ಓದಿ ಬೆಳೆದ ವಿದ್ಯಾರ್ಥಿಗೆ ಇವೆರಡರ ಗೆರೆ ಮಸುಕಾಗಿರುತ್ತದೆ. ದ್ರವ ಮತ್ತು ದ್ರಾವಣ, ತೂಕ ಮತ್ತು ರಾಶಿ ಕೂಡ ಇದೇ ಸಾಲಿಗೆ ಸೇರುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಅಂಕ ಕಳೆಯುವುದು ಸ್ಟ್ರಾಂಗ್ ಎಂಬ ಪದ. ಕಾಫಿ ಸ್ಟ್ರಾಂಗ್ ಎಂದರೆ ಡಿಕಾಕ್ಷನ್ ಹೆಚ್ಚಿದೆ ಎಂದರ್ಥ. ಆದರೆ ಆಮ್ಲ ಪ್ರಬಲ ಎಂದರೆ ಅದರ ಅಣುಗಳು ನೀರಿನಲ್ಲಿ ಬಹುತೇಕ ಪೂರ್ಣವಾಗಿ ಅಯಾನುಗಳಾಗುತ್ತವೆ (ವಿದ್ಯುದಾವೇಶವಿರುವ ಕಣಗಳಾಗುತ್ತವೆ) ಎಂದು ಅರ್ಥವೇ ಹೊರತು, ಬಾಟಲಿಯಲ್ಲಿ ಆಮ್ಲ ಹೆಚ್ಚಿದೆ ಎಂದಲ್ಲ. ಸಾರೀಕೃತ (ಗಾಢ) ಮತ್ತು ಸಾರರಿಕ್ತ (ತೆಳು) ಎಂಬ ಜೋಡಿ ಪ್ರಮಾಣವನ್ನು ಹೇಳಿದರೆ, ಪ್ರಬಲ ಮತ್ತು ದುರ್ಬಲ ಎಂಬ ಜೋಡಿ ಸ್ವಭಾವವನ್ನು ಹೇಳುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಉಳಿಯುವುದಿಲ್ಲ, ಅಂಕಿಗಳನ್ನು ಎದುರಿಗಿಡಬೇಕು. 0.01 ಮೋಲಾರ್, ಅಂದರೆ ಲೀಟರಿಗೆ 0.01 ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹೆಚ್ಚು ಆಮ್ಲೀಯ) 2. ಅಷ್ಟೇ ಮೋಲಾರಿಟಿಯ ಅಸಿಟಿಕ್ ಆಮ್ಲದ ಪಿಎಚ್ ಸುಮಾರು 3.4. ಎರಡೂ ಅಷ್ಟೇ ಸಾರರಿಕ್ತವಾಗಿವೆ, ಆದರೆ ಒಂದು ಪ್ರಬಲ, ಇನ್ನೊಂದು ದುರ್ಬಲ. ಇಷ್ಟಾದ ಮೇಲೆ, ಎರಡರಿಂದಲೂ 20 ಮಿ.ಲೀ. ತೆಗೆದುಕೊಂಡರೆ ಯಾವುದನ್ನು ತಟಸ್ಥಗೊಳಿಸಲು ಹೆಚ್ಚು ಸೋಡಿಯಂ ಹೈಡ್ರಾಕ್ಸೈಡ್ ಬೇಕು ಎಂದು ಕೇಳಿ. ಪ್ರಬಲ ಆಮ್ಲಕ್ಕೇ ಹೆಚ್ಚು ಎಂಬ ಉತ್ತರ ತರಗತಿಯ ತುಂಬ ಕೇಳಿಬರುತ್ತದೆ. ಎರಡಕ್ಕೂ ಸಮನಾಗಿಯೇ ಬೇಕು, ಏಕೆಂದರೆ ಇರುವ ಅಯಾನುಗಳು ಖರ್ಚಾದಂತೆಲ್ಲ ದುರ್ಬಲ ಆಮ್ಲದ ಉಳಿದ ಅಣುಗಳೂ ಒಂದೊಂದಾಗಿ ಅಯಾನುಗಳಾಗುತ್ತ ಹೋಗುತ್ತವೆ ಎಂಬುದನ್ನು ಅವರೇ ತರ್ಕಿಸಿ ತಲುಪುವವರೆಗೆ ಕಾಯಿರಿ. ಈ ಒಂದು ಪ್ರಶ್ನೆಗೆ ಇಡೀ ಒಂದು ಗಂಟೆ ಹೋದರೂ ನಷ್ಟವಿಲ್ಲ.

ಇಂತಹ ಪದಗಳಿಗಾಗಿ ಪುಸ್ತಕದ ಕೊನೆಯ ನಾಲ್ಕು ಪುಟಗಳನ್ನು ಮೀಸಲಿಡಿಸಿ. ಒಂದು ಸಾಲಿನಲ್ಲಿ ಮನೆಯ ಮಾತಿನಲ್ಲಿ ಅದರ ಅರ್ಥ, ಪಕ್ಕದಲ್ಲಿ ರಸಾಯನಶಾಸ್ತ್ರದಲ್ಲಿ ಅದರ ಅರ್ಥ, ಕೆಳಗೆ ವಿದ್ಯಾರ್ಥಿಯೇ ರಚಿಸಿದ ಒಂದು ವಾಕ್ಯ ಇರಲಿ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೂ ಇದು ಬೇಕು. ಅರ್ಥವಾದುದನ್ನು ಇಂಗ್ಲಿಷಿಗೆ ತರುವುದು, ಅರ್ಥವಾಗದ ಇಂಗ್ಲಿಷನ್ನು ಬಾಯಿಪಾಠ ಮಾಡುವುದಕ್ಕಿಂತ ಸುಲಭ.

ಕಣ್ಣಿಗೆ ಕಾಣುವುದು, ಕಾಣದಿರುವುದು, ಬರೆಯುವುದು

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಜಾನ್‌ಸ್ಟನ್ ಎಂಬ ರಸಾಯನಶಾಸ್ತ್ರ ಶಿಕ್ಷಣ ತಜ್ಞರು, ವಿಜ್ಞಾನ ಕಲಿಯುವುದು ಏಕೆ ಕಷ್ಟ ಎಂಬ ಪ್ರಶ್ನೆಯನ್ನು 1991ರ ಲೇಖನವೊಂದರಲ್ಲಿ ಎತ್ತಿಕೊಂಡು, ರಸಾಯನಶಾಸ್ತ್ರವನ್ನು ಮೂರು ಮೂಲೆಗಳ ತ್ರಿಕೋನದಂತೆ ವಿವರಿಸಿದರು. ಕಣ್ಣಿಗೆ ಕಾಣುವ ಬಣ್ಣ, ಗುಳ್ಳೆ, ಬಿಸಿ ಒಂದು ಮೂಲೆ. ಕಾಣದ ಅಣು, ಪರಮಾಣು, ಅಯಾನುಗಳು ಇನ್ನೊಂದು ಮೂಲೆ. ಸೂತ್ರ, ಸಮೀಕರಣ, ಲೆಕ್ಕ ಮೂರನೆಯದು. ಪಾಠ ಮಾಡುವವರು ಈ ಮೂರರ ನಡುವೆ ಅರಿವಿಲ್ಲದೆಯೇ ಓಡಾಡುತ್ತಿರುತ್ತೇವೆ. ಹೊಸಬರಿಗೆ ಮೂರನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ; ಅವರು ಬೋರ್ಡಿನ ಮೇಲಿರುವ ಮೂರನೆಯ ಮೂಲೆಯನ್ನು ಮಾತ್ರ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ.

ನಮ್ಮ ಸೀಮೆಯ ಕೊಳವೆಬಾವಿಯ ಗಡಸು ನೀರು ಈ ಮೂರು ಮೂಲೆಗಳನ್ನು ಜೋಡಿಸಲು ಒಳ್ಳೆಯ ಸಾಧನ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವುದನ್ನು ಎಲ್ಲ ಮಕ್ಕಳೂ ಮನೆಯಲ್ಲಿ ನೋಡಿರುತ್ತಾರೆ. ನೀರು ಕುದಿಯುವಾಗ ಬೈಕಾರ್ಬನೇಟ್ ಅಯಾನುಗಳು ಕಾರ್ಬನೇಟ್, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಬದಲಾಗುತ್ತವೆ. ಆ ಕಾರ್ಬನೇಟ್ ಕ್ಯಾಲ್ಸಿಯಂ ಅಯಾನನ್ನು ಹಿಡಿದುಕೊಂಡು ನೀರಿನಲ್ಲಿ ನಿಲ್ಲಲಾರದೆ ತಳಕ್ಕೆ ಕೂರುತ್ತದೆ. ಈ ಮಾತನ್ನು ಮೊದಲು ಅವರೇ ಹೇಳಲಿ, ಬಳಿಕ ಅಯಾನುಗಳನ್ನು ವೃತ್ತಗಳಾಗಿ ಬರೆಯಲಿ, ಕೊನೆಯಲ್ಲಿ ಸಮೀಕರಣ ಬರಲಿ. ಕ್ರಮ ತಿರುಗುಮುರುಗಾಗಬಾರದು. ಕುದಿಯುವ ನೀರಿನ ದೊಡ್ಡ ಗುಳ್ಳೆಗಳೊಳಗೆ ಏನಿದೆ ಎಂದೂ ಇದೇ ಸಂದರ್ಭದಲ್ಲಿ ಕೇಳಿಬಿಡಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಎಂಬ ಉತ್ತರ ಬಂದರೆ, ಅಣುವಿನೊಳಗಿನ ಬಂಧಕ್ಕೂ ಅಣು ಅಣುಗಳ ನಡುವಿನ ಆಕರ್ಷಣೆಗೂ ಇರುವ ವ್ಯತ್ಯಾಸ ಅವರಿಗೆ ತಿಳಿದಿಲ್ಲವೆಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಸಮೀಕರಣವನ್ನು ಸರಿದೂಗಿಸುವಾಗಲೂ ಚಿತ್ರವೇ ಕಾವಲು. ಆಕ್ಸಿಜನ್ ಲೆಕ್ಕ ಸರಿಹೋಗದಿದ್ದಾಗ ನೀರಿನ ಸೂತ್ರದೊಳಗೇ ಒಂದು 2 ಸೇರಿಸಿಬಿಡುವ ವಿದ್ಯಾರ್ಥಿಗೆ, ನೀನು ಈಗ ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿದೆ ಎಂದು ಎರಡೂ ಅಣುಗಳ ಚಿತ್ರವನ್ನು ಅವನ ಕೈಯಲ್ಲೇ ಬರೆಸಿದರೆ ಸಾಕು. ಚಿತ್ರ ಬರೆಯಲು ಕೈ ಸಾಗದವರಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ ಉಚಿತ ಮಾದರಿಗಳು ಮೊಬೈಲಿನಲ್ಲಿಯೂ ತೆರೆದುಕೊಳ್ಳುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು.

ಮೋಲ್ ಎಂಬ ಹೊಸ್ತಿಲು

ಮೊದಲ ಸೆಮಿಸ್ಟರಿನಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಆತುರ ಬೇಡ. ಮೋಲ್ ಎಂದರೆ 6.02214076 × 10²³ ಕಣಗಳ ಒಂದು ಎಣಿಕೆ. 2019ರ ಮೇ 20ರಿಂದ ಇದು ಅಳತೆ ಮಾಡಿ ಕಂಡುಕೊಳ್ಳುವ ಸಂಖ್ಯೆಯಾಗಿ ಉಳಿಯದೆ, ನಿಗದಿಪಡಿಸಿದ ಸಂಖ್ಯೆಯಾಗಿದೆ. ಹಳೆಯ ಪುಸ್ತಕಗಳಲ್ಲಿ 12 ಗ್ರಾಂ ಇಂಗಾಲ-12ರಲ್ಲಿರುವಷ್ಟು ಪರಮಾಣುಗಳು ಎಂಬ ವ್ಯಾಖ್ಯೆಯೇ ಇರುವುದರಿಂದ ಎರಡನ್ನೂ ಹೇಳಿಕೊಡಿ. ಆದರೆ ವ್ಯಾಖ್ಯೆಗಿಂತ ಮೊದಲು ತಿಳಿಯಬೇಕಾದದ್ದು, ತೂಗುವುದರಿಂದ ಎಣಿಸಬಹುದು ಎಂಬ ಒಂದೇ ಸಂಗತಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಯಾರೂ ಎಣಿಸುವುದಿಲ್ಲ, ತೂಗುತ್ತಾರೆ. ಒಂದು ಗೂಡಿನ ಸರಾಸರಿ ತೂಕ ಗೊತ್ತಿದ್ದರೆ, ಒಟ್ಟು ತೂಕದಿಂದ ಎಷ್ಟು ಗೂಡುಗಳಿವೆ ಎಂದು ರೈತನ ಮಗಳು ಬಾಯಿಲೆಕ್ಕದಲ್ಲಿಯೇ ಹೇಳುತ್ತಾಳೆ. ಬೇರೆ ಬೇರೆ ತಳಿಯ ಗೂಡುಗಳ ತೂಕ ಬೇರೆಯಾದ್ದರಿಂದ, ಒಂದೇ ತೂಕದಲ್ಲಿ ಅವುಗಳ ಸಂಖ್ಯೆಯೂ ಬೇರೆಯಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ಪರಮಾಣುಗಳ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ.

ಈ ತಿಳಿವಳಿಕೆ ಗಟ್ಟಿಯಾಗಿದೆಯೇ ಎಂದು ನೋಡಲು ನಾನು ಕೊಡುವ ಲೆಕ್ಕ ಹೀಗಿದೆ. 10 ಗ್ರಾಂ ಹೈಡ್ರೋಜನ್ ಮತ್ತು 64 ಗ್ರಾಂ ಆಕ್ಸಿಜನ್ ಸೇರಿ ನೀರಾದರೆ ಯಾವುದು ಮೊದಲು ಮುಗಿಯುತ್ತದೆ? 10 ಕಡಿಮೆ, 64 ಹೆಚ್ಚು, ಆದ್ದರಿಂದ ಹೈಡ್ರೋಜನ್ ಎಂದು ಹೇಳುವವನು ಇನ್ನೂ ಗ್ರಾಂಗಳಲ್ಲಿಯೇ ಯೋಚಿಸುತ್ತಿದ್ದಾನೆ. ಮೋಲಿಗೆ ತಿರುಗಿಸಿದರೆ, ಮೋಲಿಗೆ 2 ಗ್ರಾಂನಂತೆ ಹೈಡ್ರೋಜನ್ 5 ಮೋಲ್, 32 ಗ್ರಾಂನಂತೆ ಆಕ್ಸಿಜನ್ 2 ಮೋಲ್. 2 ಮೋಲ್ ಆಕ್ಸಿಜನ್‌ಗೆ 4 ಮೋಲ್ ಹೈಡ್ರೋಜನ್ ಸಾಕು. ಹಾಗಾಗಿ ಮೊದಲು ಮುಗಿಯುವುದು ತೂಕದಲ್ಲಿ ಆರು ಪಟ್ಟಿಗಿಂತ ಹೆಚ್ಚಿರುವ ಆಕ್ಸಿಜನ್. 4 ಮೋಲ್, ಅಂದರೆ 72 ಗ್ರಾಂ ನೀರಾಗಿ, 2 ಗ್ರಾಂ ಹೈಡ್ರೋಜನ್ ಉಳಿಯುತ್ತದೆ. 72ಕ್ಕೆ 2 ಸೇರಿಸಿದರೆ ಮೊದಲಿನ 74 ಬರುತ್ತದೆಯೇ ಎಂದು ನೋಡುವ ಕೊನೆಯ ಹೆಜ್ಜೆಯನ್ನು ಎಂದೂ ಬಿಡಿಸಬೇಡಿ. ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳಲು ಬಂದ ವಿದ್ಯಾರ್ಥಿಗೆ ಧೈರ್ಯ ಬರುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಮೋಲ್ ಬರುವುದಿಲ್ಲ ಎನ್ನುವ ಅನೇಕರಿಗೆ ನಿಜವಾಗಿ ಬಾರದಿರುವುದು ಅನುಪಾತ, ದಶಮಾಂಶ ಮತ್ತು 10ರ ಘಾತಗಳು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಜೊತೆಗೆ ರಸಾಯನಶಾಸ್ತ್ರವನ್ನು ತೆಗೆದುಕೊಂಡವರಲ್ಲಿ ಕೆಲವರು ಗಣಿತವನ್ನು ಹತ್ತನೆಯ ತರಗತಿಗೇ ಬಿಟ್ಟಿರುತ್ತಾರೆ. ಅವರಿಗೆ ಮೊದಲ ಮೂರು ವಾರ ದಿನಕ್ಕೆ ಹತ್ತು ನಿಮಿಷ ಬರೀ ಈ ಲೆಕ್ಕಗಳನ್ನು ಮಾಡಿಸಿ. ಲಾಗರಿದಮ್ ಪಿಎಚ್ ಪಾಠ ಬರುವವರೆಗೆ ಕಾಯಲಿ.

ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಏಕಮಾನವನ್ನು ಬರೆಸುವುದು ನಾನು ಬಲ್ಲ ಅತ್ಯುತ್ತಮ ಊರುಗೋಲು. ನಮ್ಮ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದದ್ದೇ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಹಾಗಾದರೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ ಒಂದು ಲೀಟರ್ ನೀರಿನಲ್ಲಿ ಎಷ್ಟು ಅಯಾನುಗಳಿವೆ? ಮಿಲಿಗ್ರಾಂ ಗ್ರಾಂ ಆಗಬೇಕು, ಗ್ರಾಂ ಅನ್ನು ಮೋಲಿಗೆ 19 ಗ್ರಾಂ ಎಂಬುದರಿಂದ ಭಾಗಿಸಬೇಕು, ಬಂದ 7.9 × 10⁻⁵ ಮೋಲನ್ನು ಅವೊಗಾಡ್ರೊ ಸಂಖ್ಯೆಯಿಂದ (ಒಂದು ಮೋಲಿನ ಕಣಗಳ ಎಣಿಕೆಯಿಂದ) ಗುಣಿಸಬೇಕು. ಉತ್ತರ ಸುಮಾರು 4.8 × 10¹⁹. ಗುಣಿಸಬೇಕೋ ಭಾಗಿಸಬೇಕೋ ಎಂಬ ಅನುಮಾನ ಬಂದಾಗ ಏಕಮಾನಗಳು ಯಾವ ದಾರಿಯಲ್ಲಿ ಹೊಡೆದುಹೋಗುತ್ತವೆ ಎಂದು ನೋಡಿದರೆ ಸೂತ್ರದ ನೆನಪೇ ಬೇಕಾಗುವುದಿಲ್ಲ. ತಾನು ಕುಡಿಯುವ ನೀರಿನ ಲೆಕ್ಕವಾದ್ದರಿಂದ ವಿದ್ಯಾರ್ಥಿ ಅದನ್ನು ಅರ್ಧಕ್ಕೆ ಬಿಡುವುದೂ ಇಲ್ಲ.

ಓದುವ ಬಗೆಯನ್ನೂ ಹೇಳಿಕೊಡಬೇಕು

ಎಷ್ಟು ಹೊತ್ತು ಓದಿದೆ ಎಂದು ಕೇಳುವ ನಾವು, ಹೇಗೆ ಓದಿದೆ ಎಂದು ಕೇಳುವುದು ಕಡಿಮೆ. ನೋಟ್ಸನ್ನು ಮತ್ತೆ ಮತ್ತೆ ಓದಿದಾಗ ಅದು ಪರಿಚಿತವೆನಿಸುತ್ತದೆ. ಪರಿಚಿತವೆನಿಸಿದ್ದನ್ನು ವಿದ್ಯಾರ್ಥಿ ಬಂದಿದೆ ಎಂದು ಭಾವಿಸುತ್ತಾನೆ. ಪುಸ್ತಕ ಮುಚ್ಚಿ, ನೆನಪಿನಿಂದ ಹಾಳೆಯ ಮೇಲೆ ಬರೆದು, ಬಳಿಕ ತೆರೆದು ತಾಳೆ ನೋಡುವುದು ಕಷ್ಟವೆನಿಸಿದರೂ ಹೆಚ್ಚು ಕಾಲ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಆರು ಗಂಟೆಗಿಂತ ಆರು ದಿನಗಳ ಒಂದೊಂದು ಗಂಟೆ ಮೇಲು ಎಂಬುದು ಕಲಿಕೆಯ ಕುರಿತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ.

ಆ ಒಂದು ಗಂಟೆಯನ್ನು ಎಲ್ಲಿಂದ ತರುವುದು ಎಂಬುದೂ ನಮ್ಮ ಚಿಂತೆಯಾಗಬೇಕು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹಿಡಿಯುವ ಹುಡುಗಿಗೆ, ಸಂಜೆ ಟೊಮೆಟೊ ಬಿಡಿಸಲು ತೋಟಕ್ಕೆ ಹೋಗುವ ಹುಡುಗನಿಗೆ, ಮನೆಯಲ್ಲಿ ಮೇಜಿನ ಮುಂದೆ ಕೂತು ಓದು ಎಂದರೆ ಅದು ಉಪದೇಶವಷ್ಟೇ. ಅವರಿಗೆ ಬಸ್ಸಿನ ಮುಕ್ಕಾಲು ಗಂಟೆ ಇದೆ. ಅಂಗೈಯಗಲದ ಚೀಟಿಗಳ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಬರೆಸಿ. ಬಸ್ಸಿನಲ್ಲಿ ಲೆಕ್ಕ ಬಿಡಿಸುವುದು ಆಗದು, ಆದರೆ ನೆನಪು ಮಾಡಿಕೊಳ್ಳುವುದು ಆಗುತ್ತದೆ. ಲೆಕ್ಕವನ್ನು ಕಾಲೇಜಿನಲ್ಲಿಯೇ, ಬಿಡುವಿನ ಅವಧಿಯಲ್ಲಿ, ಮೂವರು ನಾಲ್ವರು ಸೇರಿ ಮಾಡಲಿ. ಗುಂಪಿನಲ್ಲಿ ಒಬ್ಬನೇ ಬಿಡಿಸಿ ಉಳಿದವರು ಬರೆದುಕೊಳ್ಳುವಂತಾಗಬಾರದು. ಒಬ್ಬರು ಮಾತಿನಲ್ಲಿ ಹೆಜ್ಜೆ ಹೇಳಬೇಕು, ಇನ್ನೊಬ್ಬರು ಹೇಳಿದಷ್ಟನ್ನೇ ಬರೆಯಬೇಕು, ಮೂರನೆಯವರು ಏಕೆ ಎಂದು ಕೇಳುತ್ತಿರಬೇಕು.

ಹೊಸ ಬಗೆಯ ಲೆಕ್ಕವನ್ನು ಕಲಿಸುವಾಗ ಮೊದಲನೆಯದನ್ನು ಪೂರ್ತಿ ಬಿಡಿಸಿ ತೋರಿಸಿ, ಎರಡನೆಯದರಲ್ಲಿ ಕೊನೆಯ ಹೆಜ್ಜೆಯನ್ನು ಅವರಿಗೆ ಬಿಡಿ, ಮೂರನೆಯದರಲ್ಲಿ ಅರ್ಧ ಬಿಡಿ. ಹೀಗೆ ನಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳಬೇಕು.

ಲ್ಯಾಬ್

ರೆಕಾರ್ಡ್ ಪುಸ್ತಕ ಅಂದವಾಗಿದ್ದು ತಲೆಯಲ್ಲಿ ಏನೂ ಉಳಿಯದ ಲ್ಯಾಬ್‌ಗಳನ್ನು ನಾನು ಬಹಳ ನೋಡಿದ್ದೇನೆ. ಬ್ಯೂರೆಟ್ಟನ್ನು ಅದರಲ್ಲಿ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆಯಬೇಕು ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಏಕೆ ಎಂದು ಕೇಳಿ. ಬ್ಯೂರೆಟ್ಟಿನಲ್ಲಿ ಉಳಿದ ನೀರು ದ್ರಾವಣದ ಸಾರತೆಯನ್ನು ಕಡಿಮೆ ಮಾಡುತ್ತದೆ. ಫ್ಲಾಸ್ಕಿನಲ್ಲಿ ಉಳಿದ ನೀರು ನಾವು ಪಿಪೆಟ್ಟಿನಿಂದ ಹಾಕಿದ ಮೋಲುಗಳ ಎಣಿಕೆಯನ್ನು ಬದಲಿಸುವುದಿಲ್ಲ. ಇದನ್ನು ಹೇಳಬಲ್ಲವನಿಗೆ ಮೋಲ್ ಅರ್ಥವಾಗಿದೆ. ಆಕ್ಸಾಲಿಕ್ ಆಮ್ಲದ 0.05 ಮೋಲಾರ್ ದ್ರಾವಣವನ್ನು 250 ಮಿ.ಲೀ. ತಯಾರಿಸಲು ಎಷ್ಟು ತೂಗಬೇಕು ಎಂಬ ಲೆಕ್ಕದಲ್ಲಿ ಒಂದು ಮೋಲಿನ ತೂಕವೆಂದು 90 ಗ್ರಾಂ ಹಿಡಿದು ತಪ್ಪುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಬಾಟಲಿಯ ಹರಳುಗಳಲ್ಲಿ ಎರಡು ಅಣು ನೀರೂ ಇರುವುದರಿಂದ 126ನ್ನು ಹಿಡಿಯಬೇಕು, ಆಗ 1.575 ಗ್ರಾಂ ಬರುತ್ತದೆ. ಬಾಟಲಿಯ ಚೀಟಿಯನ್ನು ಓದಿಸುವುದನ್ನು ರೂಢಿ ಮಾಡಿಸಿ.

ನೀರಿನ ಗಡಸುತನದ ಪ್ರಯೋಗ ಪಠ್ಯದಲ್ಲಿದ್ದರೆ, ಪ್ರತಿಯೊಬ್ಬರೂ ತಮ್ಮ ಊರಿನ ಕೊಳವೆಬಾವಿಯಿಂದ ಒಂದು ಬಾಟಲಿ ನೀರು ತರಲಿ. ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ವಸ್ತುವಿನ 0.01 ಮೋಲಾರ್ ದ್ರಾವಣದ 1 ಮಿ.ಲೀ., 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮ ಎಂಬುದನ್ನು ಮೊದಲು ಅವರೇ ಲೆಕ್ಕ ಹಾಕಿ ಕಂಡುಕೊಳ್ಳಲಿ. ಕೆಂಪು ದ್ರಾಕ್ಷಾರಸದ ಬಣ್ಣ ನೀಲಿಗೆ ತಿರುಗುವಾಗ, ಸೂಚಕವು ಹಿಡಿದಿದ್ದ ಲೋಹದ ಅಯಾನನ್ನು ಇಡಿಟಿಎ ಕಸಿದುಕೊಂಡಿತು ಎಂದು ನೋಡುತ್ತಲೇ ಹೇಳಲಿ. ಅದೇ ನೀರನ್ನು ಕುದಿಸಿ, ಆರಿಸಿ, ಸೋಸಿ ಮತ್ತೊಮ್ಮೆ ಟೈಟ್ರೇಟ್ ಮಾಡಿದರೆ ಗಡಸುತನ ಎಷ್ಟು ಇಳಿಯಿತು ಎಂಬುದು ಗೊತ್ತಾಗುತ್ತದೆ. ಊರಿನ ಹೆಸರಿನ ಎದುರು ಅಂಕಿ ಬರೆದ ಪಟ್ಟಿ ಗೋಡೆಯ ಮೇಲೆ ಬಂದಾಗ, ಪಕ್ಕದವನ ರೀಡಿಂಗನ್ನು ನಕಲು ಮಾಡುವ ಅಭ್ಯಾಸ ತಾನಾಗಿಯೇ ನಿಲ್ಲುತ್ತದೆ, ಏಕೆಂದರೆ ಪಕ್ಕದವನ ಊರು ಬೇರೆ.

ಉತ್ಕರ್ಷಣ (ಎಲೆಕ್ಟ್ರಾನು ಬಿಟ್ಟುಕೊಡುವುದು) ಮತ್ತು ಅಪಕರ್ಷಣದ (ಎಲೆಕ್ಟ್ರಾನು ಪಡೆಯುವುದು) ಪಾಠಕ್ಕೆ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ ಇದೆ. ಇದು ಹಾಳೆಯ ಮೇಲೆ ಮಾತ್ರ ಮಾಡಬೇಕಾದ ಅಭ್ಯಾಸ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ, ಅದುರನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ಗುಡ್ಡಗಳು ಬಂಗಾರಪೇಟೆ ಕಡೆಯ ಮಕ್ಕಳಿಗೆ ಪರಿಚಿತ. ಚಿನ್ನ ಸೋಡಿಯಂ ಸೈನೈಡಿನಲ್ಲಿ ಸುಮ್ಮನೆ ಕರಗುವುದಿಲ್ಲ, ಅದಕ್ಕೆ ಗಾಳಿಯ ಆಕ್ಸಿಜನ್ ಬೇಕು. ಚಿನ್ನದ ಉತ್ಕರ್ಷಣ ಸಂಖ್ಯೆ 0ಯಿಂದ +1ಕ್ಕೆ ಏರಿದರೆ, ಆಕ್ಸಿಜನ್ ಪರಮಾಣುವಿನದು 0ಯಿಂದ −2ಕ್ಕೆ ಇಳಿಯುತ್ತದೆ. ಒಂದು ಆಕ್ಸಿಜನ್ ಅಣು ನಾಲ್ಕು ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುವುದರಿಂದ ನಾಲ್ಕು ಚಿನ್ನದ ಪರಮಾಣುಗಳು ಬೇಕು, ಪ್ರತಿಯೊಂದಕ್ಕೂ ಎರಡರಂತೆ ಎಂಟು ಸೈನೈಡ್ ಬೇಕು. ಇಷ್ಟು ಹೇಳಿಸಿದರೆ ಸಮೀಕರಣವನ್ನು ಅವರೇ ಸರಿದೂಗಿಸುತ್ತಾರೆ. ಕರಗು ಎಂಬ ಪದದ ಮೂರನೆಯ ಅರ್ಥವೂ ಇಲ್ಲಿ ಸಿಕ್ಕಿತು: ಇಲ್ಲಿ ವಸ್ತು ಹಂಚಿಹೋಗುವುದಷ್ಟೇ ಅಲ್ಲ, ಬೇರೊಂದು ವಸ್ತುವೇ ಆಗುತ್ತದೆ. ಅದನ್ನು ಪುಸ್ತಕದ ಕೊನೆಯ ಪುಟಕ್ಕೆ ಸೇರಿಸಿಸಿ.

ಮೊದಲ ಕಿರುಪರೀಕ್ಷೆಯ ನಂತರ

ಮೊದಲ ಆಂತರಿಕ ಪರೀಕ್ಷೆಯವರೆಗೆ ಕಾಯದೆ ಮೂರನೆಯ ವಾರದಲ್ಲೇ ಹದಿನೈದು ನಿಮಿಷದ ಒಂದು ಪರೀಕ್ಷೆ ಕೊಡಿ, ಉತ್ತರಪತ್ರಿಕೆಯನ್ನು ಎರಡೇ ದಿನಗಳಲ್ಲಿ ಹಿಂದಿರುಗಿಸಿ. ಕೇವಲ ಅಂಕ ಹಾಕಿದ ಪತ್ರಿಕೆಯನ್ನು ಮಕ್ಕಳು ಮಡಚಿ ಚೀಲಕ್ಕೆ ಹಾಕಿಬಿಡುತ್ತಾರೆ. ಪ್ರತಿ ತಪ್ಪಿನ ಎದುರು ಅದು ಪದದ ತಪ್ಪೋ, ಚಿತ್ರದ ತಪ್ಪೋ, ಗಣಿತದ ತಪ್ಪೋ ಎಂಬುದನ್ನು ಅವರೇ ಗುರುತಿಸಿ ಒಂದು ಸಾಲು ಬರೆದು ಮರಳಿಸಿದರೆ ಮಾತ್ರ ಅಂಕವನ್ನು ದಾಖಲಿಸುತ್ತೇನೆ ಎಂದು ಹೇಳಿ.

ಹಿಂದುಳಿದವರನ್ನು ಎಲ್ಲರೆದುರು ನಿಲ್ಲಿಸಬೇಡಿ. ಅಧ್ಯಾಪಕರಾದ ಮೊದಲ ವರ್ಷಗಳಲ್ಲಿ ನಾನು ಹಾಗೆ ಮಾಡಿದ್ದೇನೆ. ನಿಲ್ಲಿಸಿದ ಮರುದಿನದಿಂದ ಒಬ್ಬ ಹುಡುಗ ತರಗತಿಗೆ ಬರುವುದನ್ನೇ ಬಿಟ್ಟ, ಆ ತಪ್ಪು ಈಗಲೂ ನನ್ನ ಮನಸ್ಸಿನಲ್ಲಿದೆ. ಈಗ ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ನೋಡಪ್ಪ, ಈ ಲೆಕ್ಕದಲ್ಲಿ ನಿನಗೆ ಗೊತ್ತಿರುವಷ್ಟನ್ನು ಹೇಳು, ಗೊತ್ತಿಲ್ಲದ ಕಡೆ ನಿಲ್ಲಿಸು ಎನ್ನುತ್ತೇನೆ. ಹತ್ತು ನಿಮಿಷದಲ್ಲಿ ತೊಡಕು ಎಲ್ಲಿದೆ ಎಂದು ಇಬ್ಬರಿಗೂ ತಿಳಿಯುತ್ತದೆ. ಕೆಲವೊಮ್ಮೆ ತೊಡಕು ರಸಾಯನಶಾಸ್ತ್ರದಲ್ಲಿರುವುದಿಲ್ಲ. ಮೊದಲ ಬಸ್ಸು ತಪ್ಪಿದರೆ ಮೊದಲ ತರಗತಿಯೂ ತಪ್ಪುತ್ತದೆ, ಮೋಲ್ ಪಾಠ ನಡೆದದ್ದು ಮೊದಲ ತರಗತಿಯಲ್ಲಿ. ಅಂಥವರಿಗೆ ಬೇಕಾದದ್ದು ತಪ್ಪಿಹೋದ ಪಾಠಗಳನ್ನು ಮಧ್ಯಾಹ್ನ ಮತ್ತೊಮ್ಮೆ ಹೇಳಿಕೊಡುವ ಒಬ್ಬ ಎರಡನೆಯ ವರ್ಷದ ಅಕ್ಕನೋ ಅಣ್ಣನೋ ಅಷ್ಟೇ. ಹೇಳಿಕೊಡುವವರಿಗೆ ಮೊದಲೇ ಒಂದು ಎಚ್ಚರಿಕೆ ಕೊಟ್ಟಿರಿ: ಪೆನ್ನು ಯಾವಾಗಲೂ ಕಿರಿಯರ ಕೈಯಲ್ಲಿಯೇ ಇರಬೇಕು.